ನಾಲ್ವರು ಚಕ್ರವರ್ತಿಗಳು, ಒಂದು ಜಮಖಾನ

ಆ ಶುಕ್ರವಾರ ದೋಹಾದ ಅಲ್ ಮನ್ಸೂರಾದಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ನಾನು ಎಸಿ ಹಾಕಿಕೊಂಡು ಕಾರಿನಲ್ಲಿ ಕಾಯುತ್ತಿದ್ದೆ. ದೊಡ್ಡಕ್ಕ ಎದುರಿನ ಕಟ್ಟಡದಿಂದ ಇಳಿದು ಬಂದರು, ನನ್ನತ್ತ ಕೈಬೀಸಿದರು, ಆಮೇಲೆ ನನ್ನ ಹಿಂದೆ ನಿಂತಿದ್ದ ಬಿಳಿ ಕಾರಿನ ಮುಂದಿನ ಬಾಗಿಲು ತೆರೆದು ಒಳಗೆ ಕುಳಿತರು. ವರ್ಷಗಟ್ಟಲೆ ಅವರು ಕೂಟಕ್ಕೆ ಬಂದದ್ದು ನನ್ನ ಪಕ್ಕದ ಸೀಟಿನಲ್ಲಿ. ಅವರ ಮೊಣಕಾಲಿಗೆ ಹಿತವಾಗುವಷ್ಟು ಆ ಸೀಟನ್ನು ಹಿಂದಕ್ಕೆ ತಳ್ಳಿಟ್ಟಿದ್ದೆ, ನನ್ನ ಗಂಡ ಕುಳಿತು ಅದನ್ನು ಸರಿಸಿದರೂ ಗದರುತ್ತಿದ್ದೆ. ಅವತ್ತು ಖಾಲಿ ಸೀಟನ್ನು ಪಕ್ಕದಲ್ಲಿಟ್ಟುಕೊಂಡು ಲುಸೈಲಿನವರೆಗೂ ಆ ಬಿಳಿ ಕಾರಿನ ಹಿಂದೆಯೇ ಹೋದೆ. ಮೈಯೆಲ್ಲ ಉರಿಯುತ್ತಿತ್ತು. ನನ್ನ ವಯಸ್ಸಿಗೆ ಇದು ನಾಚಿಕೆಗೇಡು ಎಂದು ಯಾರಾದರೂ ಹೇಳಬಹುದು. ಹೇಳಲಿ.

ನಮ್ಮದು ಹೆಂಗಸರ ತಾಳಮದ್ದಳೆ ಕೂಟ. ವೇಷವಿಲ್ಲ, ಕುಣಿತವಿಲ್ಲ. ಜಮಖಾನ ಹಾಸಿ ಎದುರುಬದುರು ಕೂರುವುದು, ಹಾಡುವವರು ಪದ್ಯ ಹಾಡಿದ ಮೇಲೆ ಪಾತ್ರ ವಹಿಸಿದವರು ಅದಕ್ಕೆ ಅರ್ಥ ಹೇಳುವುದು. ಯಾರೂ ಬರೆದುಕೊಂಡು ಬರುವ ಹಾಗಿಲ್ಲ. ಎದುರಿನವರು ಎಸೆದ ಪ್ರಶ್ನೆಗೆ ಅಲ್ಲೇ ಕುಳಿತಲ್ಲೇ ಉತ್ತರ ಹುಟ್ಟಬೇಕು. ಊರಿನಲ್ಲಿ ಗಂಡಸರು ರಾತ್ರಿಯೆಲ್ಲ ಮಾಡುವುದನ್ನು ನಾವು ದೋಹಾದಲ್ಲಿ ಶುಕ್ರವಾರ ಮಧ್ಯಾಹ್ನದ ಊಟದ ಮೇಲೆ ಮಾಡುತ್ತೇವೆ. ಹಾಡುಗಾರ್ತಿ ಕಾರ್ಕಳದ ಕಡೆಯ ನರ್ಸ್, ಮದ್ದಳೆಗೆ ಆಕೆಯ ಗಂಡ. ಅವರ ಲುಸೈಲಿನ ಫ್ಲಾಟಿನ ಹಾಲ್ ದೊಡ್ಡದು, ಕೆಳಗಿನ ಮನೆ ಖಾಲಿ, ಹಾಗಾಗಿ ಮದ್ದಳೆಯ ಸದ್ದಿಗೆ ಯಾರೂ ಬಂದು ಬಾಗಿಲು ಬಡಿಯುವುದಿಲ್ಲ.

ಈ ಕೂಟವನ್ನು ಕಟ್ಟಿದವರು ದೊಡ್ಡಕ್ಕ. ಅವರ ಹೆಸರು ಬೇರೆ ಇದೆ, ಆದರೆ ಅವರಿಗಿಂತ ಹಿರಿಯರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ತೆಳ್ಳಗೆ, ಉದ್ದಕ್ಕೆ, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಮಾತಾಡಿದರೆ ಬೇರೆಯವರ ಬಾಯಿ ಕಟ್ಟಿಹೋಗುತ್ತಿತ್ತು. ಅವರ ಬಲಗಡೆಯ ಜಾಗ ನನ್ನದು. ಹಾಗೆಂದು ಯಾರೂ ಹೇಳಿರಲಿಲ್ಲ, ಆದರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಜಮಖಾನ ಕೊಡವಿ ಹಾಸುವವಳು ನಾನು. ತಡವಾಗಿ ಬರುವವರಿಗೆ ಫೋನ್ ಮಾಡಿ ಬೈಯುವವಳು ನಾನು. ರಂಜಾನಿನಲ್ಲಿ ಕೂಟದ ಹೊತ್ತು ಬದಲಿಸುವುದು, ಬೇಸಿಗೆಯಲ್ಲಿ ಅರ್ಧ ಜನ ಊರಿಗೆ ಹೋದಾಗ ಉಳಿದವರಿಗೆ ಪಾತ್ರ ಹೊಂದಿಸುವುದು, ಎಲ್ಲ ನನ್ನ ತಲೆಯ ಮೇಲೆ. ಕಟ್ಟಡ ಕಟ್ಟುವ ಕಂಪನಿಯಲ್ಲಿ ಕಾಗದಪತ್ರಗಳ ಲೆಕ್ಕ ಇಡುವ ಡಾಕ್ಯುಮೆಂಟ್ ಕಂಟ್ರೋಲರ್ ಆಗಿರುವವಳಿಗೆ ಇದೇನು ದೊಡ್ಡ ಕೆಲಸವಲ್ಲ. ಆದರೂ ಮಾಡಿದವಳು ನಾನೇ.

ಬಿಳಿ ಕಾರಿನವಳು ಬಂದು ಇನ್ನೂ ವರ್ಷವಾಗಿರಲಿಲ್ಲ. ಬ್ಯಾರಿ ಮನೆಯ ಹುಡುಗಿ, ನನಗಿಂತ ಹದಿನೈದು ವರ್ಷ ಚಿಕ್ಕವಳು. ಅವಳ ತಂದೆಯ ಅತ್ತರಿನ ಅಂಗಡಿ ನಾವೆಲ್ಲ ಇಲ್ಲಿಗೆ ಬರುವ ಮೊದಲಿನಿಂದಲೂ ದೋಹಾದಲ್ಲಿದೆ. ಅವಳು ಮಾತ್ರ ಬಂಟ್ವಾಳದಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದಿ, ಶಾಲೆಯ ಯಕ್ಷಗಾನ ತಂಡದಲ್ಲಿ ಪಳಗಿ, ಮದುವೆಯಾಗಿ ಮತ್ತೆ ಇಲ್ಲಿಗೆ ಬಂದು ಮುಶೈರಿಬಿನ ಆಫೀಸೊಂದರಲ್ಲಿ ಕೆಲಸ ಹಿಡಿದಿದ್ದಳು. ಮೊದಲ ದಿನ ದೊಡ್ಡಕ್ಕ ಅವಳಿಗೆ ಒಂದು ಸಣ್ಣ ದೂತನ ಪಾತ್ರ ಕೊಟ್ಟರು. ಅವಳು ನಾಲ್ಕೇ ಮಾತು ಆಡಿದಳು. ದೊಡ್ಡಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು. ನನ್ನ ಅರ್ಥ ಕೇಳುವಾಗ ಅವರು ಕನ್ನಡಕ ಒರೆಸಿದ್ದು ನನಗೆ ನೆನಪಿಲ್ಲ.

ಆಮೇಲೆ ಒಂದೊಂದಾಗಿ ಶುರುವಾಯಿತು. ಚಹಾ ಬಂದಾಗ ಮೊದಲ ಲೋಟ ಅವಳ ಕಡೆ ಸರಿಯುತ್ತಿತ್ತು. ನಾನು ಮಾಡಿಕೊಂಡು ಬಂದ ಪತ್ರೊಡೆಯನ್ನು ತಿನ್ನುತ್ತಾ ದೊಡ್ಡಕ್ಕ ಅವಳ ಉಮ್ಮ ಕಳಿಸಿದ ತುಪ್ಪದ ರೊಟ್ಟಿಯನ್ನು ಹೊಗಳುತ್ತಿದ್ದರು. ಕೊನೆಗೆ ಕಾರಿನ ಸೀಟೂ ಹೋಯಿತು. ಕಾರಣ ಕೇಳಿದ್ದಕ್ಕೆ, ಅವಳ ಕಾರು ಸ್ವಲ್ಪ ಎತ್ತರ, ಹತ್ತಿ ಇಳಿಯಲು ಕಾಲಿಗೆ ಸುಲಭ ಎಂದರು. ಕಾರಿನ ಎತ್ತರಕ್ಕೆ ನಾನು ಎಂತ ಮಾಡಲಿ?

ಗಂಡನ ಹತ್ತಿರ ಹೇಳಿಕೊಂಡರೆ ಅವರಿಗೆ ನಗು. ಸೊಸೆ ಬಂದ ಮನೆಯ ಹಿರಿಮಗಳ ಹಾಗೆ ಆಡುತ್ತಿದ್ದೀ ಎಂದರು. ಮೂರು ದಿನ ಅವರ ಜೊತೆ ಬೇಕಾದಷ್ಟೇ ಮಾತಾಡಿದೆ.

ದೊಡ್ಡಕ್ಕನ ಗಂಡನಿಗೆ ನಿವೃತ್ತಿಯಾಗಿ ವೀಸಾ ಮುಗಿಯುತ್ತಿತ್ತು. ಇನ್ನು ಎರಡು ತಿಂಗಳಲ್ಲಿ ಊರಿಗೆ, ಖಲಾಸ್. ಇದು ಗೊತ್ತಾದ ದಿನ ನನಗೆ ದುಃಖವಾದದ್ದು ಸುಳ್ಳಲ್ಲ, ಕಣ್ಣೂ ಒರೆಸಿಕೊಂಡೆ. ಆದರೆ ದುಃಖದ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ಇನ್ನು ಕೂಟ ನಡೆಸುವವರು ಯಾರು? ಪ್ರಸಂಗ ಆರಿಸುವುದು, ಯಾರಿಗೆ ಯಾವ ಪಾತ್ರ ಎಂದು ಹೇಳುವುದು, ಮಧ್ಯದಲ್ಲಿ ಕೂರುವುದು ಯಾರು? ಉತ್ತರ ನನಗೆ ಗೊತ್ತಿತ್ತು, ಗೊತ್ತಿದೆ ಎಂದುಕೊಂಡಿದ್ದೆ. ಅಡುಗೆ ಮಾಡುವಾಗ ಮುಂದಿನ ವರ್ಷದ ಪ್ರಸಂಗಗಳನ್ನು ಕೂಡ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದೆ.

ಹೋಗುವ ಮೊದಲು ದೊಡ್ಡಕ್ಕನಿಗೆ ಒಂದು ಹೊಸ ಪ್ರಸಂಗ ಮಾಡಿಸುವ ಆಸೆ. ಪುರಾಣದ ಪ್ರಸಂಗಗಳಿಗೆಲ್ಲ ನಾವು ಯೂಟ್ಯೂಬಿನಲ್ಲಿ ಊರಿನ ದೊಡ್ಡ ಅರ್ಥಧಾರಿಗಳನ್ನು ಕೇಳಿ ಅವರ ಮಾತನ್ನೇ ಕದ್ದು ತರುತ್ತೇವೆ ಎಂಬುದು ಅವರ ಹಳೆಯ ದೂರು. ಅದಕ್ಕೆ ಯಾರೂ ಕದಿಯಲು ಸಾಧ್ಯವಿಲ್ಲದ ಕಥೆ ಹುಡುಕಿದರು. ಪ್ರಾಚೀನ ರೋಮಿನ ಒಂದು ವರ್ಷ, ಕ್ರಿಸ್ತಶಕ ಅರವತ್ತೊಂಬತ್ತು. ಆ ಒಂದೇ ವರ್ಷದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ನಾಲ್ವರು ಚಕ್ರವರ್ತಿಗಳು. ಪದ್ಯಗಳನ್ನು ದೊಡ್ಡಕ್ಕನೇ ಕಟ್ಟಿದರು. ರೋಮಿನ ಸೇನೆಗೆ ಭಾಮಿನಿ ಷಟ್ಪದಿ ಹೇಗೆ ಹೊಂದುತ್ತದೋ ಎಂದು ಹಾಡುಗಾರ್ತಿಗೆ ದಿಗಿಲು. ಹಾಡಿದ ಮೇಲೆ ಚೆನ್ನಾಗಿಯೇ ಹೊಂದಿತು.

ಕಥೆಯನ್ನು ನಾನು ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಓದಿಕೊಂಡೆ. ವರ್ಷದ ಆರಂಭದಲ್ಲಿ ಸಿಂಹಾಸನದಲ್ಲಿದ್ದವನು ಒಬ್ಬ ಮುದುಕ, ಮಕ್ಕಳಿಲ್ಲದವನು. ದೂರದ ಗಡಿಯಲ್ಲಿ ಸೇನೆ ತಿರುಗಿಬಿದ್ದಾಗ, ಉತ್ತರಾಧಿಕಾರಿಯನ್ನು ಹೆಸರಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಅವನ ಪಕ್ಷಕ್ಕೆ ಮೊದಲು ಬಂದು ಸೇರಿದ ಒಬ್ಬ ಸರದಾರನಿದ್ದ. ತನ್ನ ಮನೆಯ ಬೆಳ್ಳಿ ಬಂಗಾರದ ತಟ್ಟೆ ಬಟ್ಟಲುಗಳನ್ನು ಕೂಡ ನಾಣ್ಯಕ್ಕೆಂದು ಕರಗಿಸಲು ತಂದುಕೊಟ್ಟವನು. ತನ್ನನ್ನೇ ದತ್ತು ತೆಗೆದುಕೊಳ್ಳುತ್ತಾರೆ ಎಂದು ಕಾದಿದ್ದ. ಮುದುಕ ಅವನನ್ನು ಬಿಟ್ಟು ಗಂಭೀರ ಸ್ವಭಾವದ ಒಬ್ಬ ತರುಣನ ಕೈಹಿಡಿದ. ಅವತ್ತು ಗುಡುಗು ಮಿಂಚು ಮಳೆಯಂತೆ. ಐದು ದಿನ ಕಳೆದ ಮೇಲೆ ಆ ಸರದಾರ, ಕೊಳ್ಳಲಿಕ್ಕೆ ಒಂದು ಹಳೆಯ ಮನೆ ನೋಡಬೇಕು ಎಂದು ನೆಪ ಹೇಳಿ ಮುದುಕನ ಪಕ್ಕದಿಂದ ಎದ್ದುಹೋದ, ಸೈನಿಕರ ಹೆಗಲೇರಿ ಬಂದ. ಮುದುಕನೂ ತರುಣನೂ ಅವತ್ತೇ ಹತರಾದರು. ಓದುತ್ತಾ ನನ್ನ ಡಬ್ಬಿಯ ಅನ್ನ ತಣ್ಣಗಾಯಿತು. ಆ ಸರದಾರನ ಮೇಲೆ ನನಗೆ ಪ್ರೀತಿ ಹುಟ್ಟಿಬಿಟ್ಟಿತ್ತು.

ಪಾತ್ರ ಹಂಚುವ ದಿನ ದೊಡ್ಡಕ್ಕ ಮುದಿ ಚಕ್ರವರ್ತಿಯನ್ನು ತಾವೇ ಇಟ್ಟುಕೊಂಡರು. ಸರದಾರನನ್ನು ನನಗೆ ಕೊಟ್ಟರು. ದತ್ತು ಹೋಗುವ ತರುಣನನ್ನು ಬಿಳಿ ಕಾರಿನವಳಿಗೆ. ಆಮೇಲೆ ಬರುವ ಹೊಟ್ಟೆಬಾಕ ಚಕ್ರವರ್ತಿ, ಕೊನೆಗೆ ಗೆದ್ದು ಉಳಿಯುವ, ಹೇಸರಗತ್ತೆ ವ್ಯಾಪಾರಿಯೆಂದು ಜನ ಹಂಗಿಸುತ್ತಿದ್ದ ಚಕ್ರವರ್ತಿ ಇನ್ನಿಬ್ಬರ ಪಾಲಾದರು. ಎಲ್ಲ ಮುಗಿದು ಚಹಾ ಕುಡಿಯುವಾಗ ದೊಡ್ಡಕ್ಕ, ಉಪ್ಪು ಸಾಕೋ ಎಂದು ಕೇಳುವಷ್ಟೇ ಸಾದಾ ಧ್ವನಿಯಲ್ಲಿ ಹೇಳಿದರು:

“ನಾನು ಹೋದ ಮೇಲೆ ಕೂಟವನ್ನು ಇವಳು ನೋಡಿಕೊಳ್ತಾಳೆ ಆಯ್ತಾ. ನಾನು ಹೇಳಿ ಒಪ್ಪಿಸಿದ್ದೇನೆ.”

ಬಿಳಿ ಕಾರಿನವಳು ತಲೆ ತಗ್ಗಿಸಿ ಕುಳಿತಿದ್ದಳು. ಎಲ್ಲರೂ ಒಮ್ಮೆ ನನ್ನ ಮುಖ ನೋಡಿ ಕಣ್ಣು ತಿರುಗಿಸಿದರು. ಒಳ್ಳೆಯದಾಯಿತು ಎಂದು ಹೇಳಿದವಳು ನಾನೇ ಮೊದಲು. ಲೋಟಗಳನ್ನೆಲ್ಲ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ಕೆಲವರು ಇನ್ನೂ ಕುಡಿದು ಮುಗಿಸದ ಚಹಾವನ್ನೂ ಚೆಲ್ಲಿ ತೊಳೆದುಬಿಟ್ಟೆ.

ಕಾರಣ ಕೇಳಬೇಕು ಎಂದು ಎರಡು ಸಲ ದೊಡ್ಡಕ್ಕನ ಮನೆಯ ಬೆಲ್ ಒತ್ತಿದ್ದೇನೆ. ಪೆಟ್ಟಿಗೆ ಕಟ್ಟುತ್ತಿದ್ದರು, ಕಾರ್ಗೋದವರ ಜೊತೆ ಫೋನಿನಲ್ಲಿದ್ದರು, ಯಾವ ಸೀರೆ ಯಾರಿಗೆ ಎಂದು ಬೇರೆ ಮಾಡುತ್ತಿದ್ದರು. ನಾನೂ ಕೂತು ಸೀರೆ ಮಡಚಿಕೊಟ್ಟು ಬಂದೆ. ಬಾಯಿಯ ತನಕ ಬಂದ ಮಾತನ್ನು ಎರಡು ಸಲವೂ ನುಂಗಿಕೊಂಡೆ. ಅವರ ಎದುರು ಬಾಯಿಬಿಟ್ಟು ನನಗೇಕೆ ಇಲ್ಲ ಎಂದು ಕೇಳುವುದು ಹೇಗೆ? ಆದರೆ ಜಮಖಾನದ ಮೇಲೆ ಕೇಳಬಹುದಿತ್ತು. ಅಲ್ಲಿ ನಾನು ನಾನಲ್ಲ, ಅವರು ಅವರಲ್ಲ. ಇದು ಹೊಳೆದ ಮೇಲೆ ಪ್ರಸಂಗದ ಶುಕ್ರವಾರಕ್ಕಾಗಿ ಮದುವೆಯ ದಿನಕ್ಕೆ ಕಾದ ಹಾಗೆ ಕಾದೆ.

ಬೀಳ್ಕೊಡುಗೆಯೂ ಆದ್ದರಿಂದ ಆ ಸಲ ಅಲ್ ಮನ್ಸೂರಾದ ಹೋಟೆಲೊಂದರ ಮಹಡಿಯ ಪಾರ್ಟಿ ಹಾಲ್ ಹಿಡಿದಿದ್ದೆವು. ಕೆಳಗಿನಿಂದ ಸಾಂಬಾರಿನ ವಾಸನೆ ಬರುತ್ತಿತ್ತು. ನಮ್ಮವರೆಲ್ಲ ಮಕ್ಕಳು ಮರಿ ಸಮೇತ ಬಂದಿದ್ದರು. ಮದ್ದಳೆ ಶುರುವಾದ ಮೇಲೆ ಹೋಟೆಲಿನ ಮಲಯಾಳಿ ಹುಡುಗರೂ ಬಾಗಿಲಲ್ಲಿ ನಿಂತು ನೋಡಿದರು.

ದತ್ತು ಸ್ವೀಕಾರದ ಪದ್ಯವಾಯಿತು. ದೊಡ್ಡಕ್ಕ ಬಿಳಿ ಕಾರಿನವಳ ಕೈಹಿಡಿದು ಅರ್ಥ ಹೇಳಿದರು, ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ನನ್ನ ಪದ್ಯ ಬಂತು. ನಾನು ಅವರ ಬಲಗಡೆಯಿಂದ ಎದ್ದು ಎದುರಿಗೆ ಹೋಗಿ ಕುಳಿತೆ. ಕಥೆಯಲ್ಲಿ ಸರದಾರ ಮುದುಕನನ್ನು ಏನೂ ಕೇಳುವುದಿಲ್ಲ, ನೆಪ ಹೇಳಿ ಎದ್ದುಹೋಗುತ್ತಾನೆ ಅಷ್ಟೇ. ಅಲ್ಲಿ ನಾಲ್ಕು ಮಾತು ಆಡಿ ಹೊರಡಬೇಕಾಗಿತ್ತು. ನಾನು ಹೊರಡಲಿಲ್ಲ.

“ಪ್ರಭು, ತಾವು ರೋಮಿಗೆ ಹೊರಟಾಗ ಮೊದಲು ಬಂದು ಜೊತೆಗೂಡಿದವನು ಯಾರು? ಮನೆಯ ಬೆಳ್ಳಿ ಬಟ್ಟಲನ್ನು ಕರಗಿಸಲು ಕೊಟ್ಟು ಮಣ್ಣಿನ ಬಟ್ಟಲಲ್ಲಿ ಕುಡಿದವನು ಯಾರು? ತಮ್ಮ ಬಲಗಡೆ ಇಷ್ಟು ಕಾಲ ಕುಳಿತವನು ಯಾರು? ಈ ತರುಣ ನಿನ್ನೆ ಬಂದವನು. ನನ್ನಲ್ಲಿ ತಾವು ಕಂಡ ಕೊರತೆ ಏನು? ಸಭೆಯ ಮುಂದೆ ಹೇಳಬೇಕು.”

ಸಭೆಯಲ್ಲಿ ಯಾರೋ ಕೆಮ್ಮಿದರು. ಕೂಟದವರಿಗೆಲ್ಲ ಅರ್ಥವಾಗಿತ್ತು. ಹಾಡುಗಾರ್ತಿ ಜಾಗಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದೊಡ್ಡಕ್ಕ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅವರು ಪಾತ್ರ ಬಿಡಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ.

“ನೀನು ಮಾಡಿದ್ದು ಯಾವುದನ್ನೂ ನಾನು ಮರೆತವನಲ್ಲ. ಆದರೆ ಇಷ್ಟು ಕಾಲ ನನ್ನ ಬಲಗಡೆ ಕುಳಿತೆಯಲ್ಲ, ಬೇರೆಯವರು ಮಾತಾಡುವಾಗ ನೀನು ಒಂದು ದಿನವಾದರೂ ಕೇಳಿದ್ದುಂಟೇ? ನಿನ್ನ ಸರದಿ ಯಾವಾಗ ಬರುತ್ತದೆ ಎಂದಷ್ಟೇ ನೀನು ಕಾಯುತ್ತಿದ್ದೆ. ನನ್ನ ಮಾತನ್ನೂ ನೀನು ಕೇಳಲಿಲ್ಲ. ಕೇಳದವನ ಕೈಗೆ ನಾನು ರೋಮನ್ನು ಹೇಗೆ ಒಪ್ಪಿಸಲಿ?”

ನನಗೆ ಮಾತು ಬರಲಿಲ್ಲ. ಕೂಟದಲ್ಲಿ ಮಾತು ಬರಲಿಲ್ಲ ಎಂದರೆ ಸೋತ ಹಾಗೆ, ಅದು ಅಲ್ಲಿದ್ದ ಮಕ್ಕಳಿಗೂ ಗೊತ್ತು. ಸುಳ್ಳು ಎಂದು ಕೂಗಬೇಕೆನಿಸಿತು. ಆದರೆ ಸ್ವಲ್ಪ ಮೊದಲು ದತ್ತು ಸ್ವೀಕಾರದ ಪದ್ಯಕ್ಕೆ ಅವರು ಹೇಳಿದ ಅರ್ಥ ಏನೆಂದು ಯಾರಾದರೂ ಕೇಳಿದರೆ ಒಂದು ವಾಕ್ಯವೂ ಬಾಯಿಗೆ ಬರುತ್ತಿರಲಿಲ್ಲ. ಆಗೆಲ್ಲ ನಾನು ಬೆಳ್ಳಿ ಬಟ್ಟಲಿನ ಮಾತನ್ನು ಜೋಡಿಸುತ್ತಿದ್ದೆ.

ನನ್ನನ್ನು ಎತ್ತಿದ್ದು ಅವಳು. ಒಬ್ಬರಿಗೆ ಮಾತು ಸಿಕ್ಕದಿದ್ದಾಗ ಇನ್ನೊಬ್ಬರು ಕೈಕೊಡುವುದು ಕೂಟದ ಮರ್ಯಾದೆ. ಅವಳು ಮುದುಕನ ಕಡೆ ತಿರುಗಿ, ತಂದೆಯೇ, ಇವನು ಉತ್ತರವಿಲ್ಲದೆ ಸುಮ್ಮನಿರುವುದಲ್ಲ, ತಮ್ಮ ಮೇಲಿನ ಗೌರವಕ್ಕೆ ಸುಮ್ಮನಿದ್ದಾನೆ, ಹಳೆಯ ಮನೆ ನೋಡಲಿಕ್ಕಿದೆಯೆಂದು ಬೆಳಿಗ್ಗೆ ಹೇಳುತ್ತಿದ್ದ, ಹೋಗಿಬರಲು ಅಪ್ಪಣೆ ಕೊಡಿ ಎಂದಳು. ಎಷ್ಟು ಚಂದವಾಗಿ ಕಥೆಯನ್ನು ದಾರಿಗೆ ತಂದಳು ಎಂದರೆ ಜನ ಚಪ್ಪಾಳೆ ತಟ್ಟಿದರು. ದೊಡ್ಡಕ್ಕನ ಮಾತಿಗಿಂತ ಆ ಚಪ್ಪಾಳೆ ನನ್ನನ್ನು ಹೆಚ್ಚು ಸುಟ್ಟಿತು. ಅವಳಿಗೆ ನನ್ನ ಮೇಲೆ ಕರುಣೆ. ಅದನ್ನು ಹೇಗೆ ಸಹಿಸುವುದು?

ಕೊಲ್ಲುವ ಭಾಗದಲ್ಲಿ ಸೇಡು ತೀರಿಸಿಕೊಂಡೆ. ಸಾಯುವವರಿಗೆ ಮಾತಾಡಲು ಬೇಕಾದಷ್ಟು ಹೊತ್ತು ಬಿಡಬೇಕು. ಅವಳಿಗೆ ಬಿಡಲಿಲ್ಲ. ಅವಳು ಬಾಯಿ ತೆರೆದ ಕೂಡಲೇ ಅಡ್ಡ ಮಾತು ಹಾಕಿ ಮೂರೇ ವಾಕ್ಯದಲ್ಲಿ ತರುಣನ ಕಥೆ ಮುಗಿಸಿದೆ. ಮುದುಕನಿಗೂ ಅದೇ ಗತಿ. ಹಾಡುಗಾರ್ತಿ ಗಾಬರಿಯಾಗಿ ಮುಂದಿನ ಪದ್ಯ ಎತ್ತಿಕೊಂಡಳು. ಸತ್ತವರಿಬ್ಬರೂ ಪಕ್ಕಕ್ಕೆ ಸರಿದು ಕುಳಿತರು, ದೊಡ್ಡಕ್ಕ ಅವಳ ಕಿವಿಯಲ್ಲಿ ಏನೋ ಹೇಳಿದರು, ಇಬ್ಬರೂ ನಕ್ಕರು. ಅವರನ್ನು ಕೊಂದು ಒಂದೇ ಕಡೆ ಕೂರಿಸಿದವಳು ನಾನೇ.

ಹೀಗೆ ರೋಮಿನ ಚಕ್ರವರ್ತಿಯಾದೆ. ಆದರೆ ಚಕ್ರವರ್ತಿಯಾದ ಸರದಾರನ ಆಳ್ವಿಕೆ ಮೂರೇ ತಿಂಗಳು. ಉತ್ತರದಿಂದ ಹೊಟ್ಟೆಬಾಕನ ಸೇನೆ ಬಂತು, ದೊಡ್ಡ ಯುದ್ಧದಲ್ಲಿ ಸರದಾರ ಸೋತ. ಇನ್ನೂ ಸೇನೆಯಿತ್ತು, ಹೋರಾಡೋಣ ಎಂದು ಸೈನಿಕರು ಕಾಲಿಗೆ ಬಿದ್ದರು. ನನ್ನೊಬ್ಬನಿಗಾಗಿ ಇಷ್ಟು ಜನ ಸಾಯುವುದು ಬೇಡ ಎಂದು ಅವನು ತನ್ನ ಪ್ರಾಣವನ್ನೇ ಕೊಟ್ಟ. ಆ ಅರ್ಥ ಹೇಳುತ್ತಾ ನಾನು ಅತ್ತುಬಿಟ್ಟೆ, ಮುಂದಿನ ಸಾಲಿನ ಹೆಂಗಸರು ಕಣ್ಣು ಒರೆಸಿಕೊಂಡರು. ತ್ಯಾಗಕ್ಕೆ ಅಳುತ್ತಿದ್ದೇನೆ ಎಂದುಕೊಂಡಿರಬೇಕು. ನಾನು ಸಿಟ್ಟಿಗೆ ಅಳುತ್ತಿದ್ದೆ. ಕೊನೆಯಲ್ಲಿ ದೊಡ್ಡಕ್ಕ ಎಲ್ಲರಿಗೂ ಚೆನ್ನಾಯಿತು ಎಂದರು, ನನಗೂ ಅದೇ ಧ್ವನಿಯಲ್ಲಿ ಎಂದರು. ಮುಂದಿನ ವಾರ ಊರಿಗೆ ಹೋದರು. ಏರ್‌ಪೋರ್ಟಿಗೆ ಹೋದದ್ದೂ ಬಿಳಿ ಕಾರಿನಲ್ಲಿಯೇ.

ಕೂಟ ಬಿಡುತ್ತೇನೆ ಎಂದು ಗಂಡನ ಹತ್ತಿರ ಹೇಳಿದೆ. ಬಿಡಲಿಲ್ಲ. ಬಿಟ್ಟರೆ ಅವಳಿಗೆ ಪೂರ್ತಿ ಸಲೀಸಾಗುತ್ತದಲ್ಲ. ಹೋಗಿ ಕೂತೆ, ಮಧ್ಯದಲ್ಲಿ ಕುಳಿತ ಅವಳ ಎದುರಿಗೇ. ಎಲ್ಲಿ ತಪ್ಪುತ್ತಾಳೆ ನೋಡೋಣ ಎಂದು ಕಿವಿ ನಿಮಿರಿಸಿ ಕೇಳಿದೆ. ಯಾವ ಶಬ್ದ ಹಗುರಾಯಿತು, ಯಾವ ಪ್ರಶ್ನೆಗೆ ಜಾರಿಕೊಂಡಳು, ಯಾರ ಮಾತನ್ನು ಅರ್ಧಕ್ಕೆ ತುಂಡರಿಸಿದಳು, ಒಂದನ್ನೂ ಬಿಡಲಿಲ್ಲ. ಸಿಕ್ಕ ತಪ್ಪುಗಳು ಸ್ವಲ್ಪವೇ. ಅವಳು ಕೂಟ ಮುಗಿದ ಮೇಲೆ ನನ್ನ ಹತ್ತಿರ ಬಂದು, “ಅಕ್ಕಾ, ಇವತ್ತು ಎಲ್ಲಿ ಸರಿ ಬರ್ಲಿಲ್ಲ ಹೇಳಿ, ನೀವು ಮಾತ್ರ ಅಷ್ಟು ಗಮನ ಕೊಟ್ಟು ಕೇಳುದು” ಎನ್ನುತ್ತಿದ್ದಳು. ಹೇಳುತ್ತಿದ್ದೆ. ಮುಲಾಜಿಲ್ಲದೆ ಹೇಳುತ್ತಿದ್ದೆ. ಮುಂದಿನ ವಾರ ಅದನ್ನು ತಿದ್ದಿಕೊಂಡು ಬಂದು ಇನ್ನಷ್ಟು ಚೆನ್ನಾಗಿ ಮಾತಾಡಿ ನನ್ನ ಹೊಟ್ಟೆ ಉರಿಸುತ್ತಿದ್ದಳು.

ಮೊನ್ನೆ ಶನಿವಾರ ದೊಡ್ಡಕ್ಕ ಫೋನ್ ಮಾಡಿದ್ದರು. ಊರಿನಲ್ಲಿ ಮಾತಾಡಲು ಯಾರೂ ಸಿಗುವುದಿಲ್ಲವಂತೆ, ಎಲ್ಲರೂ ಟಿವಿಯ ಎದುರು. ನಿನ್ನೆಯ ಕೂಟ ಹೇಗಾಯಿತು ಎಂದು ಕೇಳಿದರು. ಅವಳನ್ನು ಸ್ವಲ್ಪ ದೂರೋಣ ಎಂದೇ ಶುರುಮಾಡಿದೆ. ಅವಳು ಹೀಗೆ ಎತ್ತಿಕೊಂಡಳು, ಎದುರಿನವಳು ಹೀಗೆ ಕೇಳಿದಳು, ಅದಕ್ಕೆ ಅವಳು ಕೊಟ್ಟ ಉತ್ತರ ಇದು ಎಂದು ಹೇಳುತ್ತಾ ಹೋದೆ. ದೂರುವುದು ಮರೆತುಹೋಯಿತು. ಅವಳ ಅರ್ಥವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ, ಅವಳು ಉಸಿರು ತೆಗೆದುಕೊಂಡ ಜಾಗಗಳ ಸಮೇತ.



“ನಾನು ಅಷ್ಟು ವರ್ಷ ಅರ್ಥ ಹೇಳಿದ್ದೇನೆ ಅಲ್ವಾ ಮಾರಾಯ್ತಿ,” ಎಂದರು ದೊಡ್ಡಕ್ಕ. ಧ್ವನಿ ಸ್ವಲ್ಪ ನಡುಗುತ್ತಿತ್ತು. ಆ ನಡುಕ ಎಂಥದ್ದೆಂದು ಗುರುತಿಸಲು ನನಗಿಂತ ತಕ್ಕವರು ದೋಹಾದಲ್ಲಿ ಇರಲಾರರು. “ನನ್ನದೊಂದು ಮಾತಾದ್ರೂ ನಿನಗೆ ಹೀಗೆ ನೆನಪುಂಟಾ?”

ಒಂದು ನೆನಪಿತ್ತು, ಕೇಳದವನ ಕೈಗೆ ರೋಮನ್ನು ಹೇಗೆ ಒಪ್ಪಿಸಲಿ ಎಂದದ್ದು. ಅದನ್ನು ಅವರಿಗೆ ಹೇಳಲಿಲ್ಲ.